ಹುಚ್ಚುನಾಯಿ ರೋಗದ ಶಂಕೆಯಿಂದ ಸತ್ತ ಜಾನುವಾರು: ಮಿದುಳಿನ ಪ್ರತಿಕಾಯ ಪರೀಕ್ಷೆ ಏಕೆ, ಹೇಗೆ?

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿರುವ ಹಗರೆ ಮತ್ತು ಅದರ ಸುತ್ತಲಿನ ಗ್ರಾಮಗಳಲ್ಲಿ ಆಲೂಗಡ್ಡೆ, ಮುಸುಕಿನ ಜೋಳ, ಶುಂಠಿ, ರಾಗಿಯೊಡನೆ ಹೈನುಗಾರಿಕೆಯೂ ರೈತರ ಮುಖ್ಯ ಆಧಾರ. ಇಂತಹ ಊರಿನಲ್ಲಿ ಕರೆಯುವ ಹಸುವೊಂದು ಮೇವು ಬಿಟ್ಟು, ನೀರು ನುಂಗಲಾರದೆ, ಬಾಯಿಯಿಂದ ಜೊಲ್ಲು ಸುರಿಸುತ್ತ ನಿಂತರೆ ಮನೆಯವರಿಗೆ ಮೊದಲು ತೋಚುವುದು ಒಂದೇ: ಗಂಟಲಲ್ಲಿ ಆಲೂಗಡ್ಡೆಯೋ ಜೋಳದ ದಿಂಡೋ ಸಿಕ್ಕಿಕೊಂಡಿದೆ. ಒಬ್ಬರು ಹಸುವಿನ ಬಾಯಿ ಅಗಲಿಸಿ ಹಿಡಿಯುತ್ತಾರೆ, ಇನ್ನೊಬ್ಬರು ಬರಿಗೈಯನ್ನು ಗಂಟಲಿನವರೆಗೆ ಹಾಕಿ ತಡಕುತ್ತಾರೆ. ಏನೂ ಸಿಗದಿದ್ದಾಗ ಎಣ್ಣೆಯನ್ನೋ ಕಷಾಯವನ್ನೋ ಗೊಟ್ಟದಲ್ಲಿ ಎತ್ತುತ್ತಾರೆ. ಮೂರು ನಾಲ್ಕು ದಿನಗಳಲ್ಲಿ ಹಸು ಸಾಯುತ್ತದೆ. ಅದನ್ನು ಹೂಳಿದ ಮೇಲೆ ಯಾರಿಗೋ ನೆನಪಾಗುತ್ತದೆ: ಎರಡು ತಿಂಗಳ ಹಿಂದೆ ಬೀದಿನಾಯಿಯೊಂದು ಕೊಟ್ಟಿಗೆಗೆ ನುಗ್ಗಿತ್ತಲ್ಲವೇ?

ಆಗ ಕೇಳಬೇಕಾದ ಪ್ರಶ್ನೆಗೆ ಉತ್ತರ ಕೊಡಬಲ್ಲದ್ದು ಆ ಹಸುವಿನ ಮಿದುಳು ಮಾತ್ರ. ಅದು ಮಣ್ಣಿನಡಿ ಸೇರಿದ ಮೇಲೆ ಉತ್ತರ ದೊರೆಯುವುದಿಲ್ಲ. ಹುಚ್ಚುನಾಯಿ ರೋಗವನ್ನು, ಎಂದರೆ ರೇಬೀಸನ್ನು, ಮಿದುಳಿನ ಅಂಗಾಂಶದಲ್ಲಿ ಪ್ರತಿಕಾಯದ ನೆರವಿನಿಂದ ಪತ್ತೆಹಚ್ಚುವ ಕ್ರಮವನ್ನೂ, ಅದಕ್ಕಾಗಿ ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು ಮಾಡಬೇಕಾದ ಮತ್ತು ಮಾಡಬಾರದ ಕೆಲಸಗಳನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಮೊದಲು ತಿಳಿಯಬೇಕಾದ ಮಾತು

ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿಗೆ ಜಾನುವಾರುಗಳಲ್ಲಿ ಚಿಕಿತ್ಸೆಯಿಲ್ಲ. ಮನುಷ್ಯರಲ್ಲಿಯೂ ಅದು ಬಹುತೇಕ ಸಾವಿನಲ್ಲಿಯೇ ಮುಗಿಯುತ್ತದೆ. ಆದರೆ ಸೋಂಕು ತಗುಲಿದ ಕೂಡಲೇ ಗಾಯವನ್ನು ತೊಳೆದು ಲಸಿಕೆ ಪಡೆದರೆ ರೋಗವನ್ನು ತಡೆಯಬಹುದು. ಆದ್ದರಿಂದ ಪ್ರಯೋಗಾಲಯದ ವರದಿಗಾಗಿ ಕಾಯುತ್ತ ಲಸಿಕೆಯನ್ನು ಮುಂದೂಡಬಾರದು. ಶಂಕಿತ ಹಸುವಿನ ಬಾಯಿಗೆ ಕೈ ಹಾಕಿದವರು, ಗೊಟ್ಟ ಎತ್ತಿದವರು, ಅದರ ಜೊಲ್ಲು ಗಾಯಕ್ಕೋ ಕಣ್ಣಿಗೋ ಬಾಯಿಗೋ ತಗುಲಿದವರು ಅದೇ ದಿನ ವೈದ್ಯರನ್ನು ಕಾಣತಕ್ಕದ್ದು. ಜೊಲ್ಲು ತಗುಲಿದ ಜಾಗವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಸಿನ, ಮೆಣಸಿನ ಪುಡಿ, ಕಾಫಿ ಪುಡಿ ಮೆತ್ತುವುದು ಬೇಡ.

ಹಾಗಾದರೆ ಪರೀಕ್ಷೆಯ ಪ್ರಯೋಜನವೇನು ಎಂದು ನೀವು ಕೇಳಬಹುದು. ಪ್ರಯೋಜನ ಬಹಳವಿದೆ. ವರದಿ ರೇಬೀಸ್ ಇದೆ ಎಂದರೆ, ಸುಮ್ಮನಿದ್ದವರು, ‘ನನಗೇನೂ ಆಗಿಲ್ಲ’ ಎಂದು ಒಂದೇ ಚುಚ್ಚುಮದ್ದಿಗೆ ನಿಲ್ಲಿಸಿದವರು, ಹಸುವನ್ನು ಹಿಡಿದುಕೊಳ್ಳಲು ಬಂದಿದ್ದ ನೆರೆಮನೆಯವರು, ಎಲ್ಲರನ್ನೂ ಹುಡುಕಿ ಆಸ್ಪತ್ರೆಗೆ ಕಳುಹಿಸಲು ಆಧಾರ ದೊರೆಯುತ್ತದೆ. ಅದೇ ನಾಯಿಯಿಂದ ಕಚ್ಚಿಸಿಕೊಂಡಿರಬಹುದಾದ ಇತರ ದನ, ಎಮ್ಮೆ, ಕುರಿ, ಮೇಕೆಗಳಿಗೆ ಲಸಿಕೆ ಹಾಕಿಸಲು ಇನ್ನೂ ಸಮಯವಿರುತ್ತದೆ. ವರದಿ ರೇಬೀಸ್ ಇಲ್ಲ ಎಂದರೆ ಹಸು ಬೇರೆ ಯಾವ ಕಾರಣದಿಂದ ಸತ್ತಿತು ಎಂಬ ಹುಡುಕಾಟ ಆರಂಭವಾಗುತ್ತದೆ. ಏಕೆಂದರೆ ಲಿಸ್ಟೀರಿಯಾ ಸೋಂಕು, ಮಿದುಳಿಗೇರಿದ ಉಣ್ಣೆ ಜ್ವರ, ನರರೂಪದ ಕೀಟೋಸಿಸ್, ಸೀಸದ ಅಥವಾ ಕೀಟನಾಶಕದ ವಿಷ, ಎಳೆಯ ಜೋಳದ ಮೇವಿನ ವಿಷ ಇವುಗಳಲ್ಲಿಯೂ ಜಾನುವಾರು ತತ್ತರಿಸುವುದು, ಜೊಲ್ಲು ಸುರಿಸುವುದು, ಕೆಳಗೆ ಬೀಳುವುದು ಉಂಟು. ಇವುಗಳಲ್ಲಿ ಕೆಲವನ್ನು ಗುಣಪಡಿಸಬಹುದು. ಒಂದು ಹಸುವಿನ ಸಾವಿನ ಕಾರಣ ತಿಳಿದರೆ ಪಕ್ಕದಲ್ಲಿ ಕಟ್ಟಿದ ಇನ್ನೊಂದು ಹಸು ಉಳಿಯಬಹುದು.

ಹಸುವಿನಲ್ಲಿ ರೇಬೀಸ್ ಕಾಣಿಸಿಕೊಳ್ಳುವ ಬಗೆ

ನಾಯಿ ಕಚ್ಚಿದ ಕೆಲವು ವಾರಗಳಿಂದ ಕೆಲವು ತಿಂಗಳುಗಳ ನಂತರ ಲಕ್ಷಣಗಳು ತೋರುತ್ತವೆ. ಅಷ್ಟು ಹೊತ್ತಿಗೆ ಗಾಯ ಮಾಸಿ ಹೋಗಿರುತ್ತದೆ. ಎಷ್ಟೋ ವೇಳೆ ಕಚ್ಚಿದ್ದನ್ನು ಯಾರೂ ಕಂಡಿರುವುದೇ ಇಲ್ಲ. ಆದಕಾರಣ ‘ನಮ್ಮ ಹಸುವಿಗೆ ನಾಯಿ ಕಚ್ಚಿಲ್ಲ’ ಎಂಬ ಮಾತನ್ನು ಪಶುವೈದ್ಯರು ಕೇಳಿಸಿಕೊಳ್ಳುತ್ತಾರೆ, ಆದರೆ ಅದರ ಮೇಲೆಯೇ ನಿರ್ಧಾರ ಮಾಡುವುದಿಲ್ಲ.

ಹಸುಗಳಲ್ಲಿ ಎರಡು ರೂಪಗಳಿವೆ. ಒಂದರಲ್ಲಿ ಹಸು ಕೆರಳುತ್ತದೆ, ಗೋಡೆಗೆ, ಗೂಟಕ್ಕೆ ಹಾಯುತ್ತದೆ, ಒಡೆದ ದನಿಯಲ್ಲಿ ಮತ್ತೆ ಮತ್ತೆ ಅರಚುತ್ತದೆ, ಬೆದೆಗೆ ಬಂದಂತೆ ಬೇರೆ ದನಗಳ ಮೇಲೆ ಏರುತ್ತದೆ. ಇನ್ನೊಂದು ಮಂಕು ರೂಪ. ಮೇವು ನುಂಗಲಾಗದು, ಜೊಲ್ಲು ನೂಲಿನಂತೆ ಇಳಿಯುತ್ತದೆ, ಸೆಗಣಿ ಹಾಕಲು ತಿಣುಕುತ್ತದೆ, ಹಿಂಗಾಲು ಸೋತು ನಡಿಗೆ ತೂಗಾಡುತ್ತದೆ, ಕೊನೆಗೆ ಮಲಗಿದ ಹಸು ಏಳುವುದಿಲ್ಲ. ಜನರನ್ನು ಹೆಚ್ಚು ಅಪಾಯಕ್ಕೆ ಒಡ್ಡುವುದು ಈ ಎರಡನೆಯ ರೂಪವೇ. ಕೆರಳಿದ ಹಸುವಿನ ಹತ್ತಿರ ಯಾರೂ ಹೋಗುವುದಿಲ್ಲ. ಮಂಕಾದ ಹಸುವಿನ ಬಾಯಿಗೆ ಎಲ್ಲರೂ ಕೈ ಹಾಕುತ್ತಾರೆ. ನುಂಗಲಾರದ ಹಸುವನ್ನು ಕಂಡಾಗ, ಗಂಟಲಲ್ಲಿ ವಸ್ತು ಸಿಕ್ಕಿದೆಯೆಂದು ಖಚಿತವಾಗುವ ತನಕ, ರೇಬೀಸ್ ಇರಬಹುದೆಂದೇ ಭಾವಿಸಿ ನಡೆಯುವುದು ಕ್ಷೇಮ. ಈ ಎಚ್ಚರ ಅತಿಯೆಂದು ಕೆಲವರಿಗೆ ತೋರಬಹುದು. ಆದರೆ ಒಂದು ಜೊತೆ ಕೈಗವಸಿನ ಬೆಲೆ ಎಷ್ಟು, ಜೀವದ ಬೆಲೆ ಎಷ್ಟು?

ರಕ್ತ ಪರೀಕ್ಷೆ ಏಕೆ ಸಾಲದು?

‘ಹಸು ಬದುಕಿರುವಾಗಲೇ ರಕ್ತ ತೆಗೆದು ನೋಡಬಾರದೇ?’ ಎಂದು ರೈತರು ಪದೇ ಪದೇ ಕೇಳುವುದುಂಟು. ಇದಕ್ಕೆ ಉತ್ತರ ಈ ವೈರಾಣು ದೇಹದೊಳಗೆ ಸಾಗುವ ದಾರಿಯಲ್ಲಿದೆ. ಹೆಚ್ಚಿನ ರೋಗಾಣುಗಳು ರಕ್ತದಲ್ಲಿ ಹರಡುತ್ತವೆ. ರೇಬೀಸ್ ವೈರಾಣು ಹಾಗಲ್ಲ. ಕಚ್ಚಿದ ಜಾಗದ ಸ್ನಾಯುವಿನಿಂದ ಅದು ನರದ ತುದಿಯನ್ನು ಹೊಕ್ಕು, ನರದ ಎಳೆಯೊಳಗೇ ಬೆನ್ನುಹುರಿಯತ್ತ, ಅಲ್ಲಿಂದ ಮಿದುಳಿಗೆ ಏರುತ್ತದೆ. ರಕ್ತದಲ್ಲಿ ಅದು ಸಿಗುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯ ಕಣ್ಣಿಗೂ ಅದು ಬಹುಕಾಲ ಬೀಳದ ಕಾರಣ ರೋಗದ ಕೊನೆಯ ಹಂತದವರೆಗೂ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟದೇ ಇರಬಹುದು. ಮಿದುಳಿನಲ್ಲಿ ಬೆಳೆದ ವೈರಾಣು ಮತ್ತೆ ನರಗಳ ಮೂಲಕ ಜೊಲ್ಲಿನ ಗ್ರಂಥಿಗಳಿಗೆ ಇಳಿಯುತ್ತದಾದರೂ ಜೊಲ್ಲಿನಲ್ಲಿ ಅದು ಎಲ್ಲ ಹೊತ್ತಿನಲ್ಲಿಯೂ ಇರುವುದಿಲ್ಲ. ಜೊಲ್ಲಿನ ಪರೀಕ್ಷೆಯಲ್ಲಿ ವೈರಾಣು ಸಿಕ್ಕರೆ ರೋಗವಿದೆ ಎನ್ನಬಹುದು. ಸಿಗದಿದ್ದರೆ ರೋಗವಿಲ್ಲ ಎನ್ನಲಾಗದು.

ಮಿದುಳಿನಲ್ಲಿ ಮಾತ್ರ ಈ ಸಂದೇಹವಿಲ್ಲ. ರೇಬೀಸಿನಿಂದ ಸತ್ತ ಪ್ರಾಣಿಯ ಮಿದುಳಿನ ಕಾಂಡದಲ್ಲಿ, ಅಂದರೆ ಬೆನ್ನುಹುರಿ ಮಿದುಳನ್ನು ಸೇರುವ ಭಾಗದಲ್ಲಿ, ವೈರಾಣುವಿನ ಪ್ರೋಟೀನು ತುಂಬಿರುತ್ತದೆ.

ಪ್ರತಿಕಾಯ ಹುಡುಕುವ ಪ್ರೋಟೀನು ಯಾವುದು?

ರೇಬೀಸ್ ವೈರಾಣುವಿನಲ್ಲಿ ಐದು ಬಗೆಯ ಪ್ರೋಟೀನುಗಳಿವೆ. ಅದರ ಹೊರಮೈಯಲ್ಲಿ ಮುಳ್ಳುಗಳಂತೆ ನಿಂತಿರುವುದು ಒಂದು; ಲಸಿಕೆ ಹಾಕಿದಾಗ ನಮ್ಮ ದೇಹ ಗುರುತಿಟ್ಟುಕೊಳ್ಳುವುದು ಮುಖ್ಯವಾಗಿ ಇದನ್ನು. ರೋಗಪತ್ತೆಗೆ ಬಳಸುವುದು ಬೇರೊಂದನ್ನು. ವೈರಾಣುವಿನ ಆನುವಂಶಿಕ ಎಳೆಯನ್ನು ಹೊದಿಕೆಯಂತೆ ಸುತ್ತಿಕೊಂಡಿರುವ ನ್ಯೂಕ್ಲಿಯೋಪ್ರೋಟೀನು ಅದು. ಇದನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಸೋಂಕಿತ ನರಕೋಶದಲ್ಲಿ ಇದು ಅಪಾರ ಪ್ರಮಾಣದಲ್ಲಿ ತಯಾರಾಗಿ ಗುಪ್ಪೆಗುಪ್ಪೆಯಾಗಿ ಕೂಡುತ್ತದೆ. ಜೊತೆಗೆ, ವೈರಾಣುವಿನ ತಳಿ ಬದಲಾದರೂ ಈ ಪ್ರೋಟೀನಿನ ರೂಪ ಹೆಚ್ಚು ಬದಲಾಗುವುದಿಲ್ಲ.

ಈ ಗುಪ್ಪೆಗಳನ್ನು ಮೊದಲು ಕಂಡವನು ಇಟಲಿಯ ಅಡೆಲ್ಕಿ ನೆಗ್ರಿ, 1903ರಲ್ಲಿ. ಅವನ ಹೆಸರಿನಿಂದಲೇ ಅವುಗಳಿಗೆ ನೆಗ್ರಿ ಕಾಯಗಳು ಎಂಬ ಹೆಸರು ಬಂದಿದೆ. ಹಿಂದೆ ಮಿದುಳಿನ ಲೇಪಕ್ಕೆ ಬಣ್ಣ ಹಾಕಿ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಈ ಕಾಯಗಳನ್ನು ಹುಡುಕುತ್ತಿದ್ದರು. ಆ ವಿಧಾನದ ದೋಷವೆಂದರೆ, ರೇಬೀಸ್ ಇದ್ದರೂ ಅನೇಕ ಮಿದುಳುಗಳಲ್ಲಿ ನೆಗ್ರಿ ಕಾಯಗಳು ಕಣ್ಣಿಗೆ ಬೀಳುವುದಿಲ್ಲ. ‘ಕಾಣಲಿಲ್ಲ’ ಎಂಬ ವರದಿಯನ್ನು ನಂಬಿ ಲಸಿಕೆ ನಿಲ್ಲಿಸುವಂತಿರಲಿಲ್ಲ.

ಪ್ರತಿಕಾಯವು ಈ ತೊಡಕನ್ನು ಬಿಡಿಸಿತು. ದೇಹಕ್ಕೆ ಹೊರಗಿನ ಪ್ರೋಟೀನೊಂದು ಹೊಕ್ಕಾಗ ಅದಕ್ಕೆಂದೇ ಹೊಂದುವಂತೆ ದೇಹ ತಯಾರಿಸುವ ವಸ್ತುವೇ ಪ್ರತಿಕಾಯ. ಬೀಗಕ್ಕೆ ಅದರದೇ ಬೀಗದಕೈ ಎಂಬಂತೆ, ಅದು ತನ್ನ ಪ್ರೋಟೀನಿಗಲ್ಲದೆ ಬೇರೆಯದಕ್ಕೆ ಅಂಟುವುದಿಲ್ಲ. ಹೀಗೆ ಅಂಟುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನು ಕಟ್ಟಿದರೆ ಪ್ರೋಟೀನು ಇರುವ ಜಾಗವೇ ಬೆಳಗುತ್ತದೆ ಎಂಬುದನ್ನು ಆಲ್ಬರ್ಟ್ ಕೂನ್ಸ್ ಮತ್ತು ಅವರ ಸಂಗಡಿಗರು 1941ರಲ್ಲಿ ತೋರಿಸಿದರು. ಗೋಲ್ಡ್‌ವಾಸರ್ ಮತ್ತು ಕಿಸ್ಲಿಂಗ್ 1958ರಲ್ಲಿ ಈ ಉಪಾಯವನ್ನು ರೇಬೀಸಿಗೆ ಅಳವಡಿಸಿದರು. ಇಂದಿಗೂ ಜಗತ್ತಿನಾದ್ಯಂತ ರೇಬೀಸ್ ಪತ್ತೆಯ ಮೂಲ ಪರೀಕ್ಷೆ ಅದೇ. ಮೊದಲು ಪ್ರಾಣಿಗಳ ರಕ್ತಸಾರದಿಂದ ಪ್ರತಿಕಾಯವನ್ನು ತೆಗೆಯುತ್ತಿದ್ದರು. ಕೋಲರ್ ಮತ್ತು ಮಿಲ್‌ಸ್ಟೀನ್ 1975ರಲ್ಲಿ ಒಂದೇ ಕೋಶದ ಸಂತತಿಯಿಂದ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪಡೆಯುವ ಮಾರ್ಗ ಕಂಡುಹಿಡಿದ ಮೇಲೆ ಪರೀಕ್ಷೆಯ ಪ್ರತಿಕಾಯಗಳ ಗುಣಮಟ್ಟವನ್ನು ಒಂದೇ ಸಮನಾಗಿ ಕಾಯ್ದುಕೊಳ್ಳುವುದು ಸುಲಭವಾಯಿತು.

ಪ್ರಯೋಗಾಲಯದಲ್ಲಿ ನಡೆಯುವ ಕೆಲಸ

ಮಿದುಳಿನ ಕಾಂಡ ಮತ್ತು ಕಿರುಮಿದುಳಿನ ತುಣುಕುಗಳನ್ನು ಗಾಜಿನ ಪಟ್ಟಿಗೆ ಒತ್ತಿ ತೆಳುವಾದ ಅಚ್ಚು ತೆಗೆಯುತ್ತಾರೆ. ಅದನ್ನು ಗಾಳಿಯಲ್ಲಿ ಒಣಗಿಸಿ, ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ತಣ್ಣಗಿನ ಅಸಿಟೋನಿನಲ್ಲಿ ಇಟ್ಟು ಸ್ಥಿರಗೊಳಿಸುತ್ತಾರೆ. ನಂತರ ಬಣ್ಣ ಕಟ್ಟಿದ ಪ್ರತಿಕಾಯದ ದ್ರಾವಣವನ್ನು ಅದರ ಮೇಲೆ ಹನಿಸಿ, ತೇವವಿರುವ ಪೆಟ್ಟಿಗೆಯಲ್ಲಿ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 30 ನಿಮಿಷ ಇಡುತ್ತಾರೆ. ಅಂಟದೆ ಉಳಿದ ಪ್ರತಿಕಾಯ ಹೋಗುವಂತೆ ಚೆನ್ನಾಗಿ ತೊಳೆದು, ನೀಲಿ ಬೆಳಕು ಬೀರುವ ಪ್ರತಿದೀಪ್ತಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ವೈರಾಣುವಿನ ಪ್ರೋಟೀನು ಇದ್ದಲ್ಲಿ ಎಳೆಯ ಸೇಬಿನ ಹಸಿರು ಬಣ್ಣದ ಚುಕ್ಕಿಗಳು, ಉಂಡೆಗಳು ಕಪ್ಪು ಹಿನ್ನೆಲೆಯಲ್ಲಿ ಮಿನುಗುತ್ತವೆ. ಇಲ್ಲದಿದ್ದರೆ ಮಂಕು ಬಣ್ಣವಷ್ಟೇ ತೋರುತ್ತದೆ. ತಾಜಾ ಮಾದರಿ ತಲುಪಿದ ಕೆಲವೇ ಗಂಟೆಗಳಲ್ಲಿ ಫಲಿತಾಂಶ ಸಿಗುತ್ತದೆ.

ಪ್ರತಿ ಸಲವೂ ರೇಬೀಸ್ ಇರುವುದು ಖಚಿತವಾದ ಒಂದು ಮಿದುಳಿನ ಅಚ್ಚನ್ನೂ, ಇಲ್ಲದಿರುವುದು ಖಚಿತವಾದ ಇನ್ನೊಂದನ್ನೂ ಜೊತೆಗಿಟ್ಟು ಪರೀಕ್ಷಿಸುವುದು ಕಡ್ಡಾಯ. ಮೊದಲನೆಯದು ಹೊಳೆಯದಿದ್ದರೆ ಪ್ರತಿಕಾಯ ಕೆಟ್ಟಿದೆ ಎಂದೂ, ಎರಡನೆಯದು ಹೊಳೆದರೆ ತೊಳೆಯುವುದರಲ್ಲಿ ಅಥವಾ ಪ್ರತಿಕಾಯದಲ್ಲಿ ತಪ್ಪಿದೆ ಎಂದೂ ಅರ್ಥ. ಎರಡು ಸಂದರ್ಭದಲ್ಲಿಯೂ ಆ ದಿನದ ವರದಿಯನ್ನು ಹೊರಗೆ ಕೊಡುವುದಿಲ್ಲ.

ಇನ್ನೊಂದು ಕ್ರಮದಲ್ಲಿ ದುಬಾರಿಯಾದ ಪ್ರತಿದೀಪ್ತಿ ಸೂಕ್ಷ್ಮದರ್ಶಕ ಬೇಕಿಲ್ಲ. ಅದರಲ್ಲಿ ಪ್ರತಿಕಾಯಕ್ಕೆ ಬಯೋಟಿನ್ ಎಂಬ ಜೀವಸತ್ವವನ್ನು ಕಟ್ಟಿರುತ್ತಾರೆ. ಅದರ ಮೇಲೆ ಕಿಣ್ವವೊಂದು ಕೂತು ಬಣ್ಣದ ವಸ್ತುವನ್ನು ಕೆಂಪಾಗಿಸುತ್ತದೆ. ನೀಲಿ ಹಿನ್ನೆಲೆಯಲ್ಲಿ ಕೆಂಪು ಗುಪ್ಪೆಗಳು ಸಾಧಾರಣ ಸೂಕ್ಷ್ಮದರ್ಶಕದಲ್ಲಿಯೇ ಕಾಣುತ್ತವೆ. ಸುಮಾರು ಒಂದು ಗಂಟೆಯ ಕೆಲಸ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಈ ಎರಡು ಕ್ರಮಗಳನ್ನೂ, ವೈರಾಣುವಿನ ಆನುವಂಶಿಕ ವಸ್ತುವನ್ನು ಹುಡುಕುವ ಪಿಸಿಆರ್ ಪರೀಕ್ಷೆಯನ್ನೂ ಒಪ್ಪಿದೆ. ಜಿಲ್ಲಾ ಮಟ್ಟದ ಪ್ರಯೋಗಾಲಯಗಳಿಗೆ ಹೆಚ್ಚು ಒಗ್ಗುವುದು ಬಣ್ಣದ ಕ್ರಮವೆಂಬುದು ನಮ್ಮ ಅಭಿಪ್ರಾಯ.

ಪ್ರತಿಕಾಯದ ಸೀಸೆಯ ಮೇಲಿನ ಬರಹ

ಈ ಭಾಗ ಮುಖ್ಯವಾಗಿ ಪಶುವೈದ್ಯಾಧಿಕಾರಿಗಳಿಗೆ ಮತ್ತು ಪ್ರಯೋಗಾಲಯದ ಸಿಬ್ಬಂದಿಗೆ. ಮಾರಾಟಕ್ಕಿರುವ ಅನೇಕ ಪ್ರತಿಕಾಯಗಳ ಸೀಸೆಯ ಮೇಲೆ ‘ಸಂಶೋಧನೆಗೆ ಮಾತ್ರ’ ಎಂದು ಬರೆದಿರುತ್ತದೆ. ನರಕೋಶದ ಸ್ವಂತ ಪ್ರೋಟೀನುಗಳನ್ನು ಗುರುತಿಸುವ ಪ್ರತಿಕಾಯಗಳೂ, ರೇಬೀಸ್ ಪ್ರೋಟೀನಿನ ಕೆಲವು ಪ್ರತಿಕಾಯಗಳೂ ಹೀಗೆ ಬರುತ್ತವೆ. ಸಂಶೋಧಕರು ಅವುಗಳನ್ನು ತಮ್ಮ ಅಧ್ಯಯನಕ್ಕೆ ಬಳಸಬಹುದು. ಆದರೆ ಮನುಷ್ಯರ ಲಸಿಕೆಯ ನಿರ್ಧಾರಕ್ಕೆ ಸಂಬಂಧಿಸಿದ ವರದಿಯನ್ನು ಅಂತಹ ಸೀಸೆಯ ಬಲದ ಮೇಲೆ ಕೊಡಬಾರದು. ರೋಗಪತ್ತೆಗೆಂದು ತಯಾರಾದ ಪ್ರತಿಕಾಯವನ್ನೂ ತಂದ ದಿನವೇ ಬಳಸುವಂತಿಲ್ಲ. ಪ್ರತಿ ಹೊಸ ತಯಾರಿಕಾ ತಂಡದ ಸೀಸೆಯನ್ನು ಹಂತಹಂತವಾಗಿ ತೆಳುಗೊಳಿಸಿ, ಖಚಿತವಾದ ಮಿದುಳುಗಳ ಮೇಲೆ ಪರೀಕ್ಷಿಸಿ, ಯಾವ ಹದದಲ್ಲಿ ವೈರಾಣು ಪೂರ್ಣ ಹೊಳಪಿನಿಂದ ಕಾಣುತ್ತದೆ ಮತ್ತು ಆರೋಗ್ಯವಂತ ನರಕೋಶ ಹೊಳೆಯದೆ ಇರುತ್ತದೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ತೀರ ಗಟ್ಟಿಯಾಗಿ ಬಳಸಿದರೆ ಆರೋಗ್ಯವಂತ ಅಂಗಾಂಶವೂ ಹಸಿರಾಗಿ ತೋರೀತು. ತೀರ ತೆಳುವಾದರೆ ಇರುವ ರೋಗವೂ ಕಾಣದೆ ಹೋದೀತು.

ಹತ್ತು ಹದಿನೈದು ನಿಮಿಷಗಳಲ್ಲಿ ಗೆರೆ ಮೂಡಿಸುವ ಪಟ್ಟಿ ಪರೀಕ್ಷೆಗಳೂ ಬಂದಿವೆ. ಅವುಗಳಲ್ಲಿಯೂ ಇರುವುದು ಪ್ರತಿಕಾಯವೇ. ಗೆರೆ ಮೂಡಿದರೆ ಎಚ್ಚರಗೊಳ್ಳಲು ಅವು ಸಾಕು. ಗೆರೆ ಮೂಡಲಿಲ್ಲವೆಂದು ಯಾರನ್ನೂ ನಿಶ್ಚಿಂತೆಯಿಂದ ಮನೆಗೆ ಕಳುಹಿಸುವಂತಿಲ್ಲ. ಇಂತಹ ಪಟ್ಟಿಗಳ ಗುಣಮಟ್ಟ ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಬಂದ ಫಲಿತಾಂಶ ಯಾವುದೇ ಇರಲಿ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸತಕ್ಕದ್ದು.

ಮಾದರಿ ತೆಗೆಯುವುದು: ರೈತರ ಕೆಲಸವಲ್ಲ

ಸತ್ತ ಜಾನುವಾರಿನ ತಲೆಯನ್ನು ಕೊಡಲಿಯಿಂದ ಒಡೆದು ಮಿದುಳು ತೆಗೆಯುವ ಸಾಹಸವನ್ನು ಯಾರೂ ಮಾಡಕೂಡದು. ಮೂಳೆಯ ಚೂರು, ಮಿದುಳಿನ ಹನಿ ಕಣ್ಣಿಗೆ ಸಿಡಿದರೆ ಅದೇ ಸೋಂಕಿನ ದಾರಿಯಾಗುತ್ತದೆ. ಮಾದರಿಯನ್ನು ತೆಗೆಯುವವರು ಮುಂಜಾಗ್ರತಾ ಲಸಿಕೆ ಪಡೆದ ಪಶುವೈದ್ಯರೇ ಆಗಿರಬೇಕು. ಅವರು ಗಟ್ಟಿ ಕೈಗವಸು, ಕನ್ನಡಕ, ಮುಖಗವಸು, ಮೇಲಂಗಿ ಧರಿಸಿರಬೇಕು.

ತಲೆಬುರುಡೆಯನ್ನು ಒಡೆಯದೆಯೇ ಮಾದರಿ ತೆಗೆಯುವ ಸರಳ ಕ್ರಮವಿದೆ. ಕತ್ತಿನ ಮೊದಲನೆಯ ಮೂಳೆ ತಲೆಬುರುಡೆಯನ್ನು ಸೇರುವಲ್ಲಿ ಕೊಯ್ದಾಗ ಬೆನ್ನುಹುರಿ ಹಾದುಹೋಗುವ ದೊಡ್ಡ ರಂಧ್ರ ಕಾಣುತ್ತದೆ. ಅದರೊಳಗೆ ಗಟ್ಟಿ ಪ್ಲಾಸ್ಟಿಕ್ ಕೊಳವೆಯನ್ನು ಕಣ್ಣಿನ ದಿಕ್ಕಿಗೆ ತಿರುಗಿಸುತ್ತ ತಳ್ಳಿದರೆ ಮಿದುಳಿನ ಕಾಂಡ, ಕಿರುಮಿದುಳು ಮತ್ತು ಮುಂದಿನ ಭಾಗಗಳ ತುಣುಕುಗಳು ಕೊಳವೆಯೊಳಗೆ ಕೂಡುತ್ತವೆ. ಎಳನೀರಿಗೆ ಬಳಸುವ ದಪ್ಪನೆಯ ಸ್ಟ್ರಾ ನೆನಪಿಸಿಕೊಂಡರೆ ಈ ಕ್ರಮ ಅರ್ಥವಾದೀತು. ಹಸು, ಎಮ್ಮೆಗಳ ಇಡೀ ತಲೆಯನ್ನು ಹಗರೆಯಂತಹ ಊರಿನಿಂದ ಬೆಂಗಳೂರಿಗೆ ಸಾಗಿಸುವ ಕಷ್ಟವನ್ನು ಈ ಕೊಳವೆ ತಪ್ಪಿಸುತ್ತದೆ. ಒಂದು ಎಚ್ಚರ ಮಾತ್ರ ಬೇಕು. ದೊಡ್ಡ ಜಾನುವಾರುಗಳ ಮಿದುಳಿನಲ್ಲಿ ವೈರಾಣು ಎಲ್ಲ ಕಡೆ ಒಂದೇ ಸಮ ಹರಡಿರುವುದಿಲ್ಲ. ಕೆಲವೊಮ್ಮೆ ಒಂದು ಪಕ್ಕದಲ್ಲಷ್ಟೇ ಇರಬಹುದು. ಆದಕಾರಣ ಮಿದುಳಿನ ಕಾಂಡದ ಎರಡೂ ಪಕ್ಕಗಳು ಮಾದರಿಯಲ್ಲಿ ಬರಲೇಬೇಕು. ಕಾಂಡವಿಲ್ಲದ ಮಾದರಿಯಲ್ಲಿ ವೈರಾಣು ಕಾಣದಿದ್ದರೆ ಪ್ರಯೋಗಾಲಯ ‘ಇಲ್ಲ’ ಎಂದು ಹೇಳುವುದಿಲ್ಲ, ‘ಹೇಳಲಾಗದು’ ಎನ್ನುತ್ತದೆ.

ಮಾದರಿಯನ್ನು ಸೋರದ ಡಬ್ಬಿಯಲ್ಲಿ, ಆ ಡಬ್ಬಿಯನ್ನು ಇನ್ನೊಂದು ಡಬ್ಬಿಯಲ್ಲಿ, ಎರಡನ್ನೂ ಮಂಜುಗಡ್ಡೆಯ ಪೊಟ್ಟಣಗಳಿರುವ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ಕಳುಹಿಸಬೇಕು. ಮಂಜುಗಡ್ಡೆ ಸಿಗದ ಕಡೆ, ಇಲ್ಲವೆ ತಲುಪಲು ತಡವಾಗುವಲ್ಲಿ, ಅರ್ಧ ಗ್ಲಿಸರಿನ್ ಅರ್ಧ ಉಪ್ಪುನೀರಿನ ದ್ರಾವಣದಲ್ಲಿ ಇಡಬಹುದು. ಪ್ರಯೋಗಾಲಯದಲ್ಲಿ ಅದನ್ನು ತೊಳೆದು ಪರೀಕ್ಷಿಸುತ್ತಾರೆ. ಮರಣೋತ್ತರ ಪರೀಕ್ಷೆಯ ಅಭ್ಯಾಸದಿಂದ ಮಿದುಳನ್ನು ಫಾರ್ಮಲಿನ್‌ನಲ್ಲಿ ಮುಳುಗಿಸುವವರುಂಟು. ಫಾರ್ಮಲಿನ್‌ನಲ್ಲಿ ಕೂತ ತುಂಡಿನ ಮೇಲೆ ಸಾಮಾನ್ಯ ಪ್ರತಿದೀಪ್ತಿ ಪರೀಕ್ಷೆ ನಡೆಯುವುದಿಲ್ಲ. ಪೆಟ್ಟಿಗೆಯನ್ನು ಜವಾಬ್ದಾರಿಯುಳ್ಳ ಒಬ್ಬರು ಕೈಯಲ್ಲಿ ಒಯ್ಯಬೇಕು. ಒಳಗೇನಿದೆ ಎಂದು ತಿಳಿಸದೆ ಬಸ್ಸಿನಲ್ಲಿ ಪಾರ್ಸೆಲ್ ಹಾಕುವುದು ಇತರರಿಗೆ ಮಾಡುವ ಅನ್ಯಾಯ. ಜಾನುವಾರಿನ ವಯಸ್ಸು, ಲಕ್ಷಣ ತೋರಿದ ದಿನ, ಸತ್ತ ದಿನ, ನಾಯಿ ಕಚ್ಚಿದ ವಿವರ, ಹಾಕಿದ ಲಸಿಕೆ, ಸಂಪರ್ಕಕ್ಕೆ ಬಂದ ಜನರ ಸಂಖ್ಯೆ ಇವುಗಳನ್ನು ಬರೆದ ಕಾಗದ ಪೆಟ್ಟಿಗೆಯ ಹೊರಭಾಗದಲ್ಲಿರಲಿ.

ಬೇಸಿಗೆಯಲ್ಲಿ ಒಂದು ದಿನ ಬಿಸಿಲಿನಲ್ಲಿ ಬಿದ್ದ ಹೆಣದ ಮಿದುಳು ಕರಗತೊಡಗುತ್ತದೆ. ಕೊಳೆತ ಮಾದರಿಯಲ್ಲಿ ಹಸಿರು ಹೊಳಪು ಕಂಡರೆ ರೋಗವಿದೆ ಎನ್ನಬಹುದು. ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ಆದರೂ ‘ಕೊಳೆತು ಹೋಗಿದೆ, ಇನ್ನೇನು ಪ್ರಯೋಜನ’ ಎಂದು ಬಿಟ್ಟುಬಿಡಬೇಡಿ. ಅಂತಹ ಮಾದರಿಯಲ್ಲಿಯೂ ಪಿಸಿಆರ್ ಪರೀಕ್ಷೆ ಕೆಲವೊಮ್ಮೆ ಉತ್ತರ ಕೊಡುತ್ತದೆ.

ಎಲ್ಲಿಗೆ ಕಳುಹಿಸಬೇಕು?

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ರೇಬೀಸ್ ಪತ್ತೆ ಪ್ರಯೋಗಾಲಯವಿದೆ. ಇದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯಿಂದ ಪರಾಮರ್ಶನ ಪ್ರಯೋಗಾಲಯವೆಂಬ ಮಾನ್ಯತೆ ಪಡೆದಿದೆ. ಮನುಷ್ಯರಲ್ಲಿನ ರೇಬೀಸ್ ಪತ್ತೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಹೆಸರಾಗಿದೆ. ಅದು ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರವೂ ಹೌದು. ಇದೇ ಬಗೆಯ ಪ್ರತಿಕಾಯವನ್ನು ಮನುಷ್ಯರಲ್ಲಿ ಕತ್ತಿನ ಹಿಂಭಾಗದ ಚರ್ಮದ ಚೂರಿನ ಮೇಲೂ ಬಳಸುತ್ತಾರೆ. ಕೂದಲ ಬುಡವನ್ನು ಸುತ್ತಿಕೊಂಡ ಸಣ್ಣ ನರಗಳಲ್ಲಿ ವೈರಾಣು ಇರುತ್ತದೆ ಎಂಬುದೇ ಅದಕ್ಕೆ ಆಧಾರ.

ರೈತರು ನೇರವಾಗಿ ಬೆಂಗಳೂರಿಗೆ ಓಡುವ ಅಗತ್ಯವಿಲ್ಲ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಅಥವಾ 1962 ಸಂಖ್ಯೆಗೆ ಕರೆ ಮಾಡಿ. ಹಾಸನದಲ್ಲಿಯೂ ವಿಶ್ವವಿದ್ಯಾಲಯದ ಪಶುವೈದ್ಯಕೀಯ ಮಹಾವಿದ್ಯಾಲಯವಿರುವುದರಿಂದ ಬೇಲೂರು, ಅರಸೀಕೆರೆ ಕಡೆಯ ಪಶುವೈದ್ಯರು ಅಲ್ಲಿನ ತಜ್ಞರೊಡನೆ ಸಮಾಲೋಚಿಸಬಹುದು. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾಯ್ದೆ, 2009ರ ಪಟ್ಟಿಯಲ್ಲಿ ರೇಬೀಸ್ ಸೇರಿದೆ. ಆದ್ದರಿಂದ ಶಂಕೆಯನ್ನು ತಿಳಿಸುವುದು ಜಾನುವಾರಿನ ಮಾಲೀಕರ ಕರ್ತವ್ಯವೂ ಆಗಿದೆ. ತಿಳಿಸಿದರೆ ಡೇರಿಯಲ್ಲಿ ಹಾಲು ನಿಲ್ಲಿಸಿಬಿಡುತ್ತಾರೆ ಎಂಬ ಭಯದಿಂದ ಕೆಲವರು ಮುಚ್ಚಿಡುತ್ತಾರೆ. ರೋಗದ ಶಂಕೆಯಿರುವ ಹಸುವಿನ ಹಾಲನ್ನು ಹೇಗೂ ಬಳಸಬಾರದು, ಮಾರಬಾರದು. ಆರೋಗ್ಯವಾಗಿರುವ ಬೇರೆ ಹಸುಗಳ ಹಾಲಿಗೆ ಇದರಿಂದ ಕುತ್ತಿಲ್ಲ. ಈಗಾಗಲೇ ಕಾಯಿಸಿ ಕುಡಿದವರು ಹೆದರಬೇಕಾಗಿಲ್ಲ, ಕುದಿಯುವ ಶಾಖದಲ್ಲಿ ವೈರಾಣು ಉಳಿಯುವುದಿಲ್ಲ. ಹಸಿ ಹಾಲು ಅಥವಾ ಗಿಣ್ಣು ತಿಂದವರು ವೈದ್ಯರಿಗೆ ತಿಳಿಸಲಿ.

ವರದಿ ಬರುವ ತನಕ

ಮಾದರಿ ತೆಗೆದ ಮೇಲೆ ಹೆಣವನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಕೆರೆಯ ಅಂಚಿಗೆ, ಊರ ಹೊರಗಿನ ಹಳ್ಳಕ್ಕೆ ಎಸೆದರೆ ನಾಯಿಗಳು ತಿನ್ನುತ್ತವೆ. ಚರ್ಮ ಸುಲಿಯಲು ಯಾರಿಗೂ ಕೊಡಬೇಡಿ. ಆ ಕೆಲಸ ಮಾಡುವವರಿಗೆ ಅಪಾಯದ ಅರಿವೇ ಇರುವುದಿಲ್ಲ, ಲಸಿಕೆಯನ್ನು ಅವರಿಗೆ ಯಾರೂ ನೆನಪಿಸುವುದೂ ಇಲ್ಲ. ಜೊಲ್ಲು ಬಿದ್ದ ಬಾನಿ, ಗೊಟ್ಟ, ಹಗ್ಗಗಳಲ್ಲಿ ಸುಡಬಹುದಾದುದನ್ನು ಸುಟ್ಟು, ಉಳಿದುದನ್ನು ಸಾಬೂನು ನೀರಿನಿಂದ ತೊಳೆದು ಬಿಸಿಲಿಗೆ ಒಡ್ಡಿ.

ಮನೆಯವರ ಲಸಿಕೆಯ ಕ್ರಮವನ್ನು ವೈದ್ಯರು ನಿರ್ಧರಿಸುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಚರ್ಮದ ಪದರದೊಳಗೆ 0, 3, 7 ಮತ್ತು 28ನೆಯ ದಿನಗಳಂದು ಕೊಡುತ್ತಾರೆ. ಗಾಯವಿರುವ ಕೈಗೆ ಜೊಲ್ಲು ತಗುಲಿದ್ದರೆ ಗಾಯಕ್ಕೆ ಸಿದ್ಧ ಪ್ರತಿಕಾಯವನ್ನೂ ಕೊಡಬೇಕಾಗುತ್ತದೆ. ಲಸಿಕೆ ಹಾಕಿದ ಮೇಲೆ ದೇಹ ತನ್ನದೇ ಪ್ರತಿಕಾಯ ತಯಾರಿಸಿಕೊಳ್ಳಲು ಒಂದೆರಡು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಗಾಯದ ಜಾಗದಲ್ಲಿಯೇ ವೈರಾಣುವನ್ನು ಹಿಡಿದು ನಿಲ್ಲಿಸುವುದು ಈ ಚುಚ್ಚುಮದ್ದಿನ ಉದ್ದೇಶ. ಇದು ಅಂಟುವುದು ವೈರಾಣುವಿನ ಹೊರಮೈಯ ಪ್ರೋಟೀನಿಗೆ. ಪ್ರಯೋಗಾಲಯದಲ್ಲಿ ರೋಗವನ್ನು ತೋರಿಸಿಕೊಡುವ ಪ್ರತಿಕಾಯ ಬೇರೆ, ಆಸ್ಪತ್ರೆಯಲ್ಲಿ ಜೀವ ಉಳಿಸುವ ಪ್ರತಿಕಾಯ ಬೇರೆ. ವರದಿಯಲ್ಲಿ ರೇಬೀಸ್ ಇಲ್ಲವೆಂದು ಖಚಿತವಾದಾಗ ಉಳಿದ ಚುಚ್ಚುಮದ್ದುಗಳನ್ನು ನಿಲ್ಲಿಸಬಹುದೇ ಎಂಬುದನ್ನು ವೈದ್ಯರೇ ಹೇಳಬೇಕು; ನೀವಾಗಿಯೇ ನಿಲ್ಲಿಸಬೇಡಿ.

ಅದೇ ನಾಯಿ ಕಚ್ಚಿರುವ, ಇನ್ನೂ ಆರೋಗ್ಯವಾಗಿರುವ ಜಾನುವಾರುಗಳಿಗೆ ಪಶುವೈದ್ಯರ ಮೂಲಕ 0, 3, 7, 14 ಮತ್ತು 28ನೆಯ ದಿನಗಳಂದು ಲಸಿಕೆ ಹಾಕಿಸಬಹುದು. ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು. ಕಚ್ಚಿದ ನಾಯಿ ಸಾಕಿದ್ದಾದರೆ ಅದನ್ನು ಕೊಲ್ಲದೆ ಕಟ್ಟಿ 10 ದಿನ ಗಮನಿಸಬೇಕು. ಈ 10 ದಿನಗಳ ಲೆಕ್ಕ ನಾಯಿ ಮತ್ತು ಬೆಕ್ಕುಗಳಿಗೆ ಮಾತ್ರ ಸಲ್ಲುತ್ತದೆ. ಹಸು, ಎಮ್ಮೆ, ಕೋತಿಗಳಿಗೆ ಇದನ್ನು ಅನ್ವಯಿಸಬಾರದು. ಆ ಅವಧಿಯಲ್ಲಿ ನಾಯಿ ಸತ್ತರೆ ಅದರ ಮಿದುಳಿನ ಮಾದರಿಯನ್ನೂ ಕಳುಹಿಸಬೇಕು. ಬಡಿಗೆಯಿಂದ ತಲೆಗೆ ಹೊಡೆದು ಕೊಂದ ನಾಯಿಯ ಮಿದುಳು ನಜ್ಜುಗುಜ್ಜಾಗಿ, ಕಾಂಡ ಯಾವುದು, ಕಿರುಮಿದುಳು ಯಾವುದು ಎಂದು ಗುರುತಿಸಲಾಗದೆ ಪರೀಕ್ಷೆ ಕೆಡುತ್ತದೆ.

ವಿಸ್ತರಣಾ ಕಾರ್ಯಕರ್ತರು, ಪಶುಸಖಿಯರು ಮತ್ತು ಆಶಾ ಕಾರ್ಯಕರ್ತೆಯರು ಶಂಕಿತ ಸಾವಿನ ಸುದ್ದಿ ಬಂದ ದಿನವೇ ಒಂದು ಪಟ್ಟಿ ಬರೆದಿಟ್ಟುಕೊಳ್ಳುವುದು ಅಗತ್ಯ: ಹಾಲು ಕರೆದವರು, ಗೊಟ್ಟ ಎತ್ತಿದವರು, ಹಸುವಿನ ಮೂತಿ ಹಿಡಿದವರು, ನಾಟಿ ಔಷಧಿ ಕೊಟ್ಟವರು, ಹೆಣ ಎಳೆದವರು, ಕೊಟ್ಟಿಗೆಯಲ್ಲಿ ಆಡುತ್ತಿದ್ದ ಮಕ್ಕಳು. ಮಕ್ಕಳ ಹೆಸರನ್ನು ಮನೆಯವರು ತಾವಾಗಿ ಹೇಳುವುದು ಅಪರೂಪ, ಕೇಳಿ ಬರೆದುಕೊಳ್ಳಿ. ಪ್ರಯೋಗಾಲಯದ ವರದಿ ಪಶುವೈದ್ಯಾಧಿಕಾರಿಯ ಕೈಸೇರಿದ ಕೂಡಲೇ ಅದರ ಒಂದು ಪ್ರತಿಯನ್ನು, ಈ ಪಟ್ಟಿಯ ಸಮೇತ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತಲುಪಿಸತಕ್ಕದ್ದು.